ಬಿಪಿ ಬಂದವರಿಗೆ ಶುಗರ್ ಬರುತ್ತದೆಯೇ? ಪ್ರಯೋಗಾಲಯದ ಇಲಿಗಳು ಕೊಟ್ಟ ಸಾಕ್ಷ್ಯ

ದಾವಣಗೆರೆಯಿಂದ ಚಿತ್ರದುರ್ಗದ ಕಡೆ ಹೆದ್ದಾರಿ ಹಿಡಿದರೆ ಆನಗೋಡು ಸಿಗುತ್ತದೆ. ಅಲ್ಲಿನ ಇಂದಿರಾ ಪ್ರಿಯದರ್ಶಿನಿ ಪ್ರಾಣಿ ಸಂಗ್ರಹಾಲಯಕ್ಕೆ ಭಾನುವಾರ, ಹಬ್ಬದ ರಜೆ ಬಂತೆಂದರೆ ಸುತ್ತಲ ಊರುಗಳ ಜನ ಮಕ್ಕಳನ್ನು ಕರೆದುಕೊಂಡು ಬರುತ್ತಾರೆ. ಈ ಲೇಖನದಲ್ಲಿ ಬರುವ ಪ್ರಾಣಿಗಳನ್ನು ನೋಡಲು ಮಾತ್ರ ಯಾರೂ ಹೋಗುವುದಿಲ್ಲ. ಅವು ವೈದ್ಯಕೀಯ ಮತ್ತು ಫಾರ್ಮಸಿ ಕಾಲೇಜುಗಳ, ಸಂಶೋಧನಾ ಸಂಸ್ಥೆಗಳ ಪ್ರಾಣಿಗೃಹದ ಬಿಳಿ ಇಲಿಗಳು. ಜೆಜೆಎಂ ವೈದ್ಯಕೀಯ ಕಾಲೇಜು 1965ರಲ್ಲಿ ಶುರುವಾದಂದಿನಿಂದ ದಾವಣಗೆರೆ ವೈದ್ಯ ಶಿಕ್ಷಣದ ಊರಾಗಿ ಬೆಳೆದಿದೆ. ಇಲ್ಲಿ ಓದಿದ ವೈದ್ಯರು ಬರೆಯುವ ಬಿಪಿ ಗುಳಿಗೆ, ಶುಗರ್ ಗುಳಿಗೆಗಳ ಹಿಂದೆ ಈ ಇಲಿಗಳ ಋಣವಿದೆ. ಅವು ನಮಗೆ ತಿಳಿಸಿಕೊಟ್ಟದ್ದನ್ನು ಸರಿಯಾಗಿ ಓದಿಕೊಳ್ಳುವುದು ಆ ಋಣಕ್ಕೆ ನಾವು ಸಲ್ಲಿಸಬಹುದಾದ ಕನಿಷ್ಠ ಗೌರವ.

ನಮ್ಮ ಕಡೆ ‘ಬಿಪಿ, ಶುಗರ್’ ಎಂದು ಎರಡನ್ನೂ ಒಂದೇ ಉಸಿರಿಗೆ ಹೇಳುತ್ತಾರೆ. ಒಂದು ಬಂದರೆ ಇನ್ನೊಂದು ಹಿಂದೆಯೇ ಬರುತ್ತದೆ ಎಂಬ ನಂಬಿಕೆ ಗಟ್ಟಿಯಾಗಿದೆ. ಅದಕ್ಕೆ ಆಧಾರವಿಲ್ಲದೆ ಇಲ್ಲ. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ ಬೆಂಬಲದಿಂದ ನಡೆದ ಇಂಡಿಯಾಬ್ ಅಧ್ಯಯನದ ವರದಿ 2023ರಲ್ಲಿ ಪ್ರಕಟವಾಯಿತು. ದೇಶದ ವಯಸ್ಕರಲ್ಲಿ 11.4% ಜನರಿಗೆ ಮಧುಮೇಹ, 35.5% ಜನರಿಗೆ ಅಧಿಕ ರಕ್ತದೊತ್ತಡ ಇದೆಯೆಂದು ಅದು ಅಂದಾಜು ಮಾಡಿತು. ಇಷ್ಟು ವ್ಯಾಪಕವಾದ ಎರಡು ಕಾಯಿಲೆಗಳು ಒಂದೇ ಮೈಯಲ್ಲಿ ಕೂಡುವುದು ಸಹಜವೆನ್ನಬಹುದು. ಆದರೆ ಅವುಗಳ ನಂಟು ಆಕಸ್ಮಿಕಕ್ಕಿಂತ ಬಲವಾದದ್ದು. ಅಮೆರಿಕದಲ್ಲಿ ಸಾವಿರಾರು ಮಧ್ಯವಯಸ್ಕರನ್ನು ವರ್ಷಗಟ್ಟಲೆ ಗಮನಿಸಿ 2000ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ರಕ್ತದೊತ್ತಡ ಹೆಚ್ಚಿದ್ದವರಿಗೆ ಮಧುಮೇಹ ಬರುವ ಸಂಭವ ಉಳಿದವರಿಗಿಂತ ಸುಮಾರು ಎರಡೂವರೆ ಪಟ್ಟು ಇತ್ತು. ಬ್ರಿಟನ್ನಿನ ನಲವತ್ತು ಲಕ್ಷಕ್ಕೂ ಹೆಚ್ಚು ಜನರ ದಾಖಲೆಗಳನ್ನು ಜಾಲಾಡಿದ 2015ರ ಅಧ್ಯಯನ, ಮೇಲಿನ ಒತ್ತಡ 20 ಮಿ.ಮೀ. ಹೆಚ್ಚಾದಂತೆ ಮಧುಮೇಹದ ಸಂಭವವೂ 58% ಹೆಚ್ಚುತ್ತದೆ ಎಂದಿತು.

ಜೊತೆಗಿರುವುದು ಬೇರೆ, ಒಂದು ಇನ್ನೊಂದನ್ನು ಹುಟ್ಟಿಸುವುದು ಬೇರೆ. ಬೊಜ್ಜು, ವಯಸ್ಸು, ಮನೆತನ, ಕೂತು ಮಾಡುವ ಕೆಲಸ ಎರಡಕ್ಕೂ ದಾರಿ ಮಾಡಿಕೊಡುತ್ತವೆ. ಮನುಷ್ಯರಲ್ಲಿ ಇವನ್ನೆಲ್ಲ ಬಿಡಿಸಿ ನೋಡುವುದು ಕಷ್ಟ. ಬಿಪಿ ಒಂದನ್ನೇ ಏರಿಸಿ, ಉಳಿದದ್ದನ್ನು ಹಾಗೆಯೇ ಇಟ್ಟು ನೋಡಬೇಕೆಂದರೆ ಪ್ರಾಣಿಗಳೇ ಬೇಕಾಗುತ್ತವೆ.

ಮೊದಲು ಬಂದವು ನಾಯಿಗಳು. 1889ರಲ್ಲಿ ಸ್ಟ್ರಾಸ್‌ಬರ್ಗ್‌ನಲ್ಲಿ ಮಿಂಕೋವ್ಸ್ಕಿ ಮತ್ತು ಫಾನ್ ಮೆರಿಂಗ್ ನಾಯಿಯ ಮೇದೋಜೀರಕ ಗ್ರಂಥಿಯನ್ನು ತೆಗೆದುಹಾಕಿದಾಗ ಅದಕ್ಕೆ ಸಕ್ಕರೆ ಕಾಯಿಲೆ ಬಂತು. 1934ರಲ್ಲಿ ಅಮೆರಿಕದ ಕ್ಲೀವ್‌ಲ್ಯಾಂಡ್‌ನಲ್ಲಿ ಹ್ಯಾರಿ ಗೋಲ್ಡ್‌ಬ್ಲಾಟ್ ನಾಯಿಯ ಕಿಡ್ನಿಗೆ ರಕ್ತ ಒಯ್ಯುವ ಅಪಧಮನಿಯನ್ನು ಲೋಹದ ಕ್ಲಿಪ್ಪಿನಿಂದ ಬಿಗಿದಾಗ ರಕ್ತದೊತ್ತಡ ಏರಿ, ಏರಿದಂತೆಯೇ ನಿಂತಿತು. ಒಂದು ಕಾಯಿಲೆಯ ಬೇರು ಮೇದೋಜೀರಕದಲ್ಲಿ, ಇನ್ನೊಂದರದು ಕಿಡ್ನಿಯಲ್ಲಿ. ಎರಡನ್ನೂ ಬೇರೆ ಬೇರೆಯಾಗಿ ಉಂಟುಮಾಡಬಹುದೆಂಬುದು ಆಗಲೇ ಗೊತ್ತಾಗಿತ್ತು. ಆದರೆ ಗ್ರಂಥಿ ಕಿತ್ತು, ನಾಳ ಬಿಗಿದು ತಂದ ಕಾಯಿಲೆ ನಮ್ಮ ನಿಮ್ಮ ಮನೆಯವರಿಗೆ ಬರುವ ಕಾಯಿಲೆಯಲ್ಲ. ತನ್ನಷ್ಟಕ್ಕೆ ಬಿಪಿ ಏರುವ ಪ್ರಾಣಿ ಬೇಕಿತ್ತು.

ಅದು ಸಿಕ್ಕಿದ್ದು ಜಪಾನಿನ ಕ್ಯೋಟೊ ವಿಶ್ವವಿದ್ಯಾಲಯದಲ್ಲಿ. ಒಕಾಮೊಟೊ ಮತ್ತು ಆಒಕಿ ಎಂಬ ಇಬ್ಬರು ವಿಜ್ಞಾನಿಗಳು ವಿಸ್ಟಾರ್ ಎಂಬ ತಳಿಯ ಇಲಿಗಳ ಗುಂಪಿನಲ್ಲಿ ಒತ್ತಡ ಹೆಚ್ಚಿದ್ದ ಒಂದು ಗಂಡನ್ನು, ಒತ್ತಡ ತುಸು ಹೆಚ್ಚಿದ್ದ ಹೆಣ್ಣಿನೊಂದಿಗೆ ಕೂಡಿಸಿದರು. ಹುಟ್ಟಿದ ಮರಿಗಳಲ್ಲಿ ಒತ್ತಡ ಹೆಚ್ಚಿದ್ದವನ್ನೇ ಆರಿಸಿ ತಲೆಮಾರಿನಿಂದ ತಲೆಮಾರಿಗೆ ತಳಿ ಮಾಡುತ್ತ ಹೋದರು. 1963ರಲ್ಲಿ ಅವರು ಪ್ರಕಟಿಸಿದ ಈ ತಳಿ ಇಂದು ಲೋಕದ ಪ್ರಯೋಗಾಲಯಗಳಲ್ಲೆಲ್ಲ ಎಸ್‌ಎಚ್‌ಆರ್ ಎಂಬ ಹೆಸರಿನಲ್ಲಿ ಬಳಕೆಯಲ್ಲಿದೆ. ಮರಿಯಾಗಿದ್ದಾಗ ಇದರ ಒತ್ತಡ ಸಾಮಾನ್ಯ. ಕೆಲವೇ ವಾರಗಳಲ್ಲಿ ಏರತೊಡಗಿ, ದೊಡ್ಡದಾಗುವ ಹೊತ್ತಿಗೆ 180–200 ಮಿ.ಮೀ. ಮುಟ್ಟುತ್ತದೆ. ಇಷ್ಟು ಒತ್ತಡ ಹೊತ್ತು ಬದುಕು ಕಳೆಯುವ ಇಲಿಗೆ ಮಧುಮೇಹ ಬರಬೇಕಿತ್ತಲ್ಲವೇ? ಸಾಮಾನ್ಯವಾಗಿ ಬರುವುದಿಲ್ಲ. ಹೃದಯ ದಪ್ಪವಾಗುತ್ತದೆ, ಕಿಡ್ನಿ ಸವೆಯುತ್ತದೆ, ಇದರಿಂದ ಬೆಳೆಸಿದ ಒಂದು ಉಪತಳಿಗೆ ಪಾರ್ಶ್ವವಾಯುವೂ ಹೊಡೆಯುತ್ತದೆ. ಆದರೂ ಖಾಲಿ ಹೊಟ್ಟೆಯ ಸಕ್ಕರೆ ಬಹುಮಟ್ಟಿಗೆ ಸರಿಯಾಗಿಯೇ ಇರುತ್ತದೆ. ಇಡೀ ಚರ್ಚೆಯಲ್ಲಿ ನಾನು ಅತಿ ಮುಖ್ಯವೆಂದು ಎಣಿಸುವ ಸಾಕ್ಷ್ಯ ಇದು.

ಸಕ್ಕರೆ ಸರಿಯಿದ್ದ ಮಾತ್ರಕ್ಕೆ ಒಳಗೆ ಎಲ್ಲವೂ ಸರಿ ಎಂದು ಹೇಳುವಂತಿಲ್ಲ. ಇನ್ಸುಲಿನ್ ಮಾಮೂಲಿಗಿಂತ ಹೆಚ್ಚು ಸುರಿದು ಸಕ್ಕರೆಯನ್ನು ಹಿಡಿದಿಟ್ಟಿರಬಹುದು. ಇನ್ಸುಲಿನ್‌ನ ಮಾತಿಗೆ ಸ್ನಾಯು, ಕೊಬ್ಬು ಓಗೊಡದ ಈ ಸ್ಥಿತಿಗೆ ಇನ್ಸುಲಿನ್ ಪ್ರತಿರೋಧ ಎನ್ನುತ್ತಾರೆ. ಟೈಪ್ 2 ಮಧುಮೇಹದ ಮೊದಲ ಮೆಟ್ಟಿಲು ಅದು. ಸ್ಟ್ಯಾನ್‌ಫರ್ಡ್‌ನ ಜೆರಾಲ್ಡ್ ರೀವನ್ ಮತ್ತು ಸಂಗಡಿಗರು 1980ರ ದಶಕದ ಕೊನೆಯಲ್ಲಿ ಎಸ್‌ಎಚ್‌ಆರ್ ಇಲಿಗಳಲ್ಲಿ ಇಂಥ ಪ್ರತಿರೋಧವನ್ನು ಕಂಡರು. ಬಿಪಿಯೇ ಇದಕ್ಕೆ ಕಾರಣವೆಂದು ಹೇಳಲು ಅನೇಕರು ಸಿದ್ಧರಿದ್ದರು. 1999ರಲ್ಲಿ ಅದಕ್ಕೆ ತೊಡಕು ಎದುರಾಯಿತು. ಲಂಡನ್ನಿನ ತಂಡವೊಂದು, ಈ ಇಲಿಯಲ್ಲಿ ಸಿಡಿ36 ಎಂಬ ಜೀನು ಕೆಟ್ಟಿದೆ, ಕೊಬ್ಬಿನಾಮ್ಲವನ್ನು ಜೀವಕೋಶದೊಳಕ್ಕೆ ಒಯ್ಯುವ ಪ್ರೋಟೀನು ಅದರಿಂದಾಗಿ ಇಲ್ಲವಾಗಿದೆ, ಇನ್ಸುಲಿನ್ ತೊಂದರೆಯ ಮೂಲ ಅಲ್ಲಿದೆ ಎಂದು ತೋರಿಸಿತು. ಅದೇ ವರ್ಷ ಇನ್ನೊಂದು ತಂಡ ಜಪಾನಿನಲ್ಲೇ ಉಳಿಸಿಕೊಂಡಿದ್ದ ಮೂಲ ಎಸ್‌ಎಚ್‌ಆರ್ ಇಲಿಗಳನ್ನು ಪರೀಕ್ಷಿಸಿದಾಗ ಆ ದೋಷ ಅವುಗಳಲ್ಲಿ ಇರಲೇ ಇಲ್ಲ. ಒತ್ತಡ ಮಾತ್ರ ಇತ್ತು. ಅಂದರೆ ಅಮೆರಿಕ, ಯುರೋಪಿಗೆ ಹೋದ ಶಾಖೆಗಳಲ್ಲಿ ಈ ದೋಷ ಆಮೇಲೆ ಸೇರಿಕೊಂಡಿತ್ತು. ಒಂದೇ ಹೆಸರಿನ ಇಲಿ, ಒಂದೇ ಎತ್ತರದ ಒತ್ತಡ, ಆದರೆ ಕೊಬ್ಬು ಸಕ್ಕರೆಗಳ ವ್ಯವಹಾರದ ಜೀನು ಊರಿಗೊಂದು ತರ. ಬಿಪಿಯೂ ಇನ್ಸುಲಿನ್ ತೊಂದರೆಯೂ ಒಂದೇ ಇಲಿಯಲ್ಲಿ ಕಂಡವೆಂದು ಒಂದನ್ನು ಇನ್ನೊಂದರ ತಾಯಿ ಎಂದು ಕರೆಯುವಂತಿಲ್ಲ ಎಂಬುದಕ್ಕೆ ಇದಕ್ಕಿಂತ ಒಳ್ಳೆಯ ಉದಾಹರಣೆ ನನಗೆ ಕಂಡಿಲ್ಲ.

ಇನ್ನೂ ನೇರವಾದ ಪರೀಕ್ಷೆಯೊಂದಿದೆ. ಗೋಲ್ಡ್‌ಬ್ಲಾಟ್ ದಾರಿಯಲ್ಲೇ ಸಾಧಾರಣ ಇಲಿಯ ಕಿಡ್ನಿ ನಾಳವನ್ನು ಬಿಗಿದು ಬಿಪಿ ಏರಿಸಿ, ಆಮೇಲೆ ಅದರ ಇನ್ಸುಲಿನ್ ಕೆಲಸವನ್ನು ಅಳೆಯುವುದು. 1990ರ ದಶಕದ ಆರಂಭದಲ್ಲಿ ಹೀಗೆ ಮಾಡಿದಾಗ ಒತ್ತಡ ಚೆನ್ನಾಗಿ ಏರಿದ್ದರೂ ಇನ್ಸುಲಿನ್ ಪ್ರತಿರೋಧ ಕಾಣಲಿಲ್ಲ. ಅದೇ ಕಾಲದಲ್ಲಿ, ಕಿಡ್ನಿ ನಾಳದ ತೊಂದರೆಯಂಥ ಬೇರೆ ಕಾರಣದಿಂದ ಬಿಪಿ ಏರಿದ್ದ ರೋಗಿಗಳಲ್ಲಿಯೂ ಇನ್ಸುಲಿನ್ ಪ್ರತಿರೋಧ ಸಿಗಲಿಲ್ಲ. ಇಂಥದ್ದೇ ಎಂದು ಕಾರಣ ಹೇಳಲಾಗದ ಮಾಮೂಲಿ ಬಿಪಿಯವರಲ್ಲಿ ಸಿಕ್ಕಿತು. ಬರೀ ಒತ್ತಡವೇ ಸಕ್ಕರೆಯನ್ನು ಕೆಡಿಸುವುದಾದರೆ ಈ ವ್ಯತ್ಯಾಸ ಇರಬಾರದಿತ್ತು.

ತಿರುಗಿಸಿ ನೋಡಿದವರೂ ಇದ್ದಾರೆ. ಮೊದಲು ಸಕ್ಕರೆ ವ್ಯವಹಾರ ಕೆಡಿಸಿದರೆ ಬಿಪಿ ಏರುತ್ತದೆಯೇ? 1987ರಲ್ಲಿ ರೀವನ್ ತಂಡ ಸಾಧಾರಣ ಇಲಿಗಳಿಗೆ ಮೂರನೇ ಎರಡು ಪಾಲು ಫ್ರಕ್ಟೋಸ್, ಅಂದರೆ ಹಣ್ಣಿನ ಸಕ್ಕರೆ, ತುಂಬಿದ ಆಹಾರ ಕೊಟ್ಟಿತು. ಎರಡೇ ವಾರಗಳಲ್ಲಿ ಇನ್ಸುಲಿನ್ ಪ್ರತಿರೋಧ ಬಂತು, ಬಿಪಿಯೂ ಏರಿತು. ಇಲಿಗಳನ್ನು ಓಡಿಸಿ ವ್ಯಾಯಾಮ ಮಾಡಿಸಿದಾಗ ಏರಿಕೆ ತಗ್ಗಿತು. ಮರುವರ್ಷ ರೀವನ್ ತಮ್ಮ ಹೆಸರಾಂತ ಉಪನ್ಯಾಸದಲ್ಲಿ ಬಿಪಿ, ಇನ್ಸುಲಿನ್ ಪ್ರತಿರೋಧ, ರಕ್ತದ ಕೊಬ್ಬಿನ ಏರುಪೇರು ಇವನ್ನೆಲ್ಲ ಒಟ್ಟುಗೂಡಿಸಿ ‘ಸಿಂಡ್ರೋಮ್ ಎಕ್ಸ್’ ಎಂದು ಕರೆದರು. ಇವತ್ತು ಮೆಟಬಾಲಿಕ್ ಸಿಂಡ್ರೋಮ್ ಎಂದು ವೈದ್ಯರು ಹೇಳುವುದರ ಬುನಾದಿ ಅದು.

2005ರಲ್ಲಿ ಅಮೆರಿಕದ ಜಾರ್ಜಿಯಾದ ಸಂಶೋಧಕರು ಇದೇ ಫ್ರಕ್ಟೋಸ್ ಪ್ರಯೋಗವನ್ನು ಬೇರೆ ಅಳತೆಗೋಲು ಹಿಡಿದು ಮಾಡಿದರು. ಅಳತೆಯ ಬಗೆಯನ್ನು ಇಲ್ಲಿ ಬಿಡಿಸಿ ಹೇಳಲೇಬೇಕು. ಇಲಿಯ ಬಿಪಿ ನೋಡುವ ಹಳೆಯ ಕ್ರಮವೆಂದರೆ ಅದನ್ನು ಅಲುಗಾಡಲು ಬಿಡದ ಕೊಳವೆಯಲ್ಲಿ ಕೂಡಿ, ಮೈ ಬೆಚ್ಚಗೆ ಮಾಡಿ, ಬಾಲಕ್ಕೆ ಪಟ್ಟಿ ಕಟ್ಟಿ ಗಾಳಿ ತುಂಬುವುದು. ಹೆದರಿದ ಇಲಿಯ ಒತ್ತಡ ಏರುತ್ತದೆ; ಆ ಹೆದರಿಕೆಯ ಹಾರ್ಮೋನುಗಳು ಸಕ್ಕರೆಯನ್ನೂ ಏರಿಸುತ್ತವೆ. ಹೊಸ ಕ್ರಮದಲ್ಲಿ ಪುಟ್ಟ ಸಾಧನವನ್ನು ಮೈಯೊಳಗೇ ಕೂರಿಸಿ, ಗಾಯ ಮಾಗಿದ ಮೇಲೆ ರೇಡಿಯೋ ಸಂಕೇತದಿಂದ ಹಗಲಿರುಳೂ ಒತ್ತಡ ತಿಳಿಯಬಹುದು. ಇಲಿ ತನ್ನ ಪಾಡಿಗೆ ಓಡಾಡಿಕೊಂಡಿರುತ್ತದೆ. ಇದಕ್ಕೆ ಟೆಲಿಮೆಟ್ರಿ ಎಂದು ಹೆಸರು. ಟೆಲಿಮೆಟ್ರಿಯಿಂದ ನೋಡಿದಾಗ ಫ್ರಕ್ಟೋಸ್ ತಿಂದ ಇಲಿಗಳಿಗೆ ಇನ್ಸುಲಿನ್ ಪ್ರತಿರೋಧ ಬಂದಿತ್ತು, ಬಿಪಿ ಏರಿರಲಿಲ್ಲ. ಸ್ಟ್ರೆಪ್ಟೊಜೊಟೊಸಿನ್ ಎಂಬ ವಿಷವಸ್ತು ಚುಚ್ಚಿ ಮಧುಮೇಹ ಬರಿಸಿದ ಇಲಿಗಳಲ್ಲಿಯೂ ಇದೇ ಗೊಂದಲ: ಬಾಲದ ಪಟ್ಟಿ ಬಿಪಿ ಏರಿದೆ ಎನ್ನುತ್ತದೆ, ಟೆಲಿಮೆಟ್ರಿ ಹಾಗೇನೂ ಇಲ್ಲ ಎನ್ನುತ್ತದೆ. ಎರಡು ದಶಕಗಳ ಕಾಲ ಪಟ್ಟಿ ಕಟ್ಟಿ ಬರೆದ ಪ್ರಬಂಧಗಳಲ್ಲಿ ಎಷ್ಟು ಭಾಗ ಕಾಯಿಲೆ, ಎಷ್ಟು ಭಾಗ ಇಲಿಯ ಭಯ ಎಂಬುದನ್ನು ಈಗ ಬೇರ್ಪಡಿಸುವುದು ಕಷ್ಟ. ಪ್ರಾಣಿಯನ್ನು ದಯೆಯಿಂದ ನಡೆಸಿಕೊಳ್ಳುವುದು ಕರುಣೆಯ ಮಾತಷ್ಟೇ ಅಲ್ಲ, ವಿಜ್ಞಾನದ ಅಗತ್ಯವೂ ಹೌದು.

ಇಂಥ ಪ್ರಯೋಗಗಳಲ್ಲಿ ಬಹುಪಾಲು ಗಂಡು ಇಲಿಗಳನ್ನೇ ಬಳಸಿದ್ದಾರೆ. 2002ರಲ್ಲಿ ಹೆಣ್ಣು ಇಲಿಗಳಿಗೆ ಫ್ರಕ್ಟೋಸ್ ತಿನ್ನಿಸಿ ನೋಡಿದ ಕೆನಡಾದ ಸಂಶೋಧಕರಿಗೆ ಅವುಗಳಲ್ಲಿ ಬಿಪಿಯ ಏರಿಕೆಯೂ ಇನ್ಸುಲಿನ್ ತೊಂದರೆಯೂ ಕಾಣಲಿಲ್ಲ. ಮುಂದೆ ಅಂಡಾಶಯ ತೆಗೆದ ಹೆಣ್ಣುಗಳಲ್ಲಿ ಆ ರಕ್ಷಣೆ ಹೋಯಿತು. ಮುಟ್ಟು ನಿಂತ ಮೇಲೆ ಬಿಪಿ, ಶುಗರ್ ಕಾಣಿಸಿಕೊಳ್ಳುವ ನಮ್ಮ ಹೆಣ್ಣುಮಕ್ಕಳ ಮಟ್ಟಿಗೆ ಬಹಳ ಬೆಲೆಯುಳ್ಳ ಸುಳಿವು ಇದು. ಇದರ ಮೇಲೆ ಆಗಬೇಕಾದಷ್ಟು ಕೆಲಸ ಆಗಿಲ್ಲ ಎಂಬುದು ನನ್ನ ಬೇಸರ.

ಹಾಗಾದರೆ ಬಿಪಿಯೂ ಮಧುಮೇಹವೂ ಪೂರ್ತಿಯಾಗಿ ಒಂದೇ ಪ್ರಾಣಿಯಲ್ಲಿ ಬರುವುದು ಯಾವಾಗ? ಬೊಜ್ಜು ಸೇರಿದಾಗ, ಅದೂ ಸಾಲದೆ ಮೇದೋಜೀರಕ ಸೋತಾಗ. ಕ್ಲೀವ್‌ಲ್ಯಾಂಡ್‌ನ ಕೊಲೆಟ್‌ಸ್ಕಿ ಎಂಬುವವರು 1970ರ ಸುಮಾರಿಗೆ ಎಸ್‌ಎಚ್‌ಆರ್ ಹೆಣ್ಣನ್ನು ಬೇರೆ ತಳಿಯ ಗಂಡಿನೊಂದಿಗೆ ಕೂಡಿಸಿ ಪಡೆದ ಸಂತತಿಯಲ್ಲಿ ಬಿಪಿಯೂ ವಿಪರೀತ ಬೊಜ್ಜೂ ಸೇರಿದ್ದವು. ಹಸಿವು ತಣಿದಿದೆ ಎಂದು ಮಿದುಳಿಗೆ ತಿಳಿಸುವ ಲೆಪ್ಟಿನ್ ಸಂಕೇತ ಆ ಇಲಿಗಳಲ್ಲಿ ಮುರಿದಿತ್ತು. ಅವುಗಳ ರಕ್ತದಲ್ಲಿ ಇನ್ಸುಲಿನ್ ಹಲವು ಪಟ್ಟು ಹೆಚ್ಚಿತ್ತು. ಆದರೂ ಉಪವಾಸದ ಸಕ್ಕರೆ ಸರಿಯಾಗಿತ್ತು. ಅದೇ ದೋಷವುಳ್ಳ ಜೀನನ್ನು ಬೇರೆ ವಂಶಾವಳಿಗೆ ಸೇರಿಸಿದಾಗ ಕೆಲವು ಶಾಖೆಗಳಲ್ಲಿ ಪೂರ್ಣ ಮಧುಮೇಹ ಬಂತು. ನಮ್ಮ ನೆರೆಯ ಹೈದರಾಬಾದಿನ ರಾಷ್ಟ್ರೀಯ ಪೋಷಣಾ ಸಂಸ್ಥೆಯ ವಿಸ್ಟಾರ್ ಇಲಿಗಳಲ್ಲಿ ತಾನಾಗಿ ಹುಟ್ಟಿಕೊಂಡ ಬೊಜ್ಜಿನ ತಳಿಗಳೂ ಇದನ್ನೇ ಹೇಳುತ್ತವೆ. ಅವುಗಳಲ್ಲಿ ಒಂದಕ್ಕೆ ಬೊಜ್ಜಿದ್ದರೂ ಸಕ್ಕರೆ ಸರಿ. ಇನ್ನೊಂದಕ್ಕೆ ಸಕ್ಕರೆ ಅರಗಿಸಿಕೊಳ್ಳುವ ಶಕ್ತಿ ಕುಂದಿದೆ. ಕೊನೆಯ ತೀರ್ಪು ಕೊಡುವುದು ಇನ್ಸುಲಿನ್ ಮಾಡುವ ಬೀಟಾ ಕೋಶಗಳು. ಅವು ಗಟ್ಟಿಯಾಗಿದ್ದರೆ ಬಿಪಿ, ಬೊಜ್ಜು ಎರಡಿದ್ದರೂ ತಡೆದುಕೊಳ್ಳುತ್ತವೆ.

ಬಿಪಿ ಪೂರ್ತಿ ನಿರಪರಾಧಿ ಎಂದು ಇದರಿಂದ ತಿಳಿಯಬಾರದು. ಊಟವಾದ ಮೇಲೆ ಇನ್ಸುಲಿನ್ ಸ್ನಾಯುವಿನ ಅತಿ ಸಣ್ಣ ರಕ್ತನಾಳಗಳನ್ನು ತೆರೆಸುತ್ತದೆ. ಆಗ ಸಕ್ಕರೆಯೂ ಇನ್ಸುಲಿನ್ನೂ ಜೀವಕೋಶದ ಬಾಗಿಲು ಮುಟ್ಟುತ್ತವೆ. ಭದ್ರಾ ಅಚ್ಚುಕಟ್ಟಿನ ಕೊನೆಭಾಗದ ರೈತರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ: ಮುಖ್ಯ ನಾಲೆಯಲ್ಲಿ ನೀರು ಎಷ್ಟೇ ರಭಸದಿಂದ ಹರಿದರೂ ಹೊಲಗಾಲುವೆ ಹೂತಿದ್ದರೆ ಗದ್ದೆ ಒಣಗುತ್ತದೆ. ಬಿಪಿ ಹೆಚ್ಚಿರುವ ಇಲಿಗಳ ಸ್ನಾಯುವಿನಲ್ಲಿ ಇಂಥ ಸಣ್ಣ ನಾಳಗಳು ವಿರಳವಾಗಿರುತ್ತವೆ ಎಂದು ಹಲವು ಪ್ರಯೋಗಗಳು ತೋರಿಸಿವೆ. ಜೊತೆಗೆ ಆಂಜಿಯೊಟೆನ್ಸಿನ್ ಎಂಬ ಹಾರ್ಮೋನು ರಕ್ತನಾಳಗಳನ್ನು ಬಿಗಿಗೊಳಿಸಿ ಬಿಪಿ ಏರಿಸುವುದಲ್ಲದೆ, ಸ್ನಾಯುವಿನಲ್ಲಿ ಇನ್ಸುಲಿನ್‌ನ ಸಂಕೇತಕ್ಕೂ ಅಡ್ಡ ಬರುತ್ತದೆ. ಜುಕರ್ ಎಂಬ ಬೊಜ್ಜಿನ ತಳಿಯ ಇಲಿಗಳಿಗೆ ಈ ಹಾರ್ಮೋನನ್ನು ತಡೆಯುವ ಔಷಧಿ ಕೊಟ್ಟಾಗ ಸ್ನಾಯು ಸಕ್ಕರೆಯನ್ನು ಹೆಚ್ಚು ಚೆನ್ನಾಗಿ ಹೀರಿತು.

ಇಲಿಯಲ್ಲಿ ಕಂಡ ಈ ಸುಳಿವು ಮನುಷ್ಯರಲ್ಲೂ ಬಹುಮಟ್ಟಿಗೆ ನಿಜವಾಗಿದೆ. 19 ಔಷಧ ಪ್ರಯೋಗಗಳ, ಒಂದೂವರೆ ಲಕ್ಷದ ಹತ್ತಿರದಷ್ಟು ಜನರ ಮಾಹಿತಿಯನ್ನು ಒಟ್ಟಿಗೆ ಪರಿಶೀಲಿಸಿ ‘ಲ್ಯಾನ್ಸೆಟ್’ ಪತ್ರಿಕೆ 2021ರಲ್ಲಿ ಪ್ರಕಟಿಸಿದ ವರದಿಯಂತೆ, ಮೇಲಿನ ಒತ್ತಡವನ್ನು 5 ಮಿ.ಮೀ. ಇಳಿಸಿದರೆ ಹೊಸದಾಗಿ ಮಧುಮೇಹ ಬರುವ ಸಂಭವ 11% ತಗ್ಗುತ್ತದೆ. ಆಂಜಿಯೊಟೆನ್ಸಿನ್ ವ್ಯವಸ್ಥೆಯನ್ನು ತಡೆಯುವ ಎರಡು ಬಗೆಯ ಗುಳಿಗೆಗಳಲ್ಲಿ ಈ ಲಾಭ 16% ಇತ್ತು. ಅಮ್ಲೋಡಿಪಿನ್ ಜಾತಿಯವುಗಳಿಂದ ಲಾಭವೂ ಇಲ್ಲ, ನಷ್ಟವೂ ಇಲ್ಲ. ಬೀಟಾ ಬ್ಲಾಕರ್‌ಗಳು ಮತ್ತು ಥಯಾಜೈಡ್ ಎಂಬ ಮೂತ್ರಸ್ರಾವಕಗಳು ಬಿಪಿ ಇಳಿಸಿದರೂ ಮಧುಮೇಹದ ಸಂಭವವನ್ನು ಹೆಚ್ಚಿಸಿದವು. ಎಲ್ಲ ಗುಳಿಗೆಗಳೂ ಬಿಪಿಯನ್ನೇ ಇಳಿಸುತ್ತವೆ. ಸಕ್ಕರೆಯ ಮೇಲೆ ಪರಿಣಾಮ ಮಾತ್ರ ಒಂದೊಂದರದು ಒಂದೊಂದು. ಒತ್ತಡದ ಅಂಕಿಗಿಂತ ಅದರ ಹಿಂದಿನ ಹಾರ್ಮೋನು ದೊಡ್ಡ ಪಾತ್ರಧಾರಿ ಎಂಬ ಮಾತಿಗೆ ಇದು ಬಲ ಕೊಡುತ್ತದೆ. ಜೀನುಗಳ ಆಧಾರದ ಮೇಲೆ ಕಾರಣ ಹುಡುಕಿದವರಲ್ಲಿ ಇನ್ನೂ ಒಮ್ಮತ ಬಂದಿಲ್ಲ. 2017ರ ಒಂದು ವಿಶ್ಲೇಷಣೆ ಬಿಪಿ ಮಧುಮೇಹಕ್ಕೆ ಕಾರಣವಾಗಬಹುದು ಎಂದಿತು. 2019ರ ಇನ್ನೊಂದು, ಮಧುಮೇಹ ಬಿಪಿಗೆ ಕಾರಣವಾಗಬಹುದು, ಬಿಪಿ ಮಧುಮೇಹಕ್ಕೆ ಕಾರಣವಾಗುವ ಸಾಧ್ಯತೆ ಕಡಿಮೆ ಎಂದಿತು.

ಇಲಿಯ ಸಾಕ್ಷ್ಯವನ್ನು ನಮ್ಮ ಜನರಿಗೆ ಹೊಂದಿಸುವಾಗ ಎಷ್ಟು ಎಚ್ಚರ ಬೇಕೆಂಬುದಕ್ಕೆ ಕರ್ನಾಟಕದಲ್ಲೇ ಒಂದು ಪಾಠವಿದೆ. 1994ರಲ್ಲಿ ಇಂಗ್ಲೆಂಡಿನ ಸೌತಾಂಪ್ಟನ್ ವಿಜ್ಞಾನಿಗಳು ಬಸುರಿ ಇಲಿಗಳಿಗೆ ಪ್ರೋಟೀನು ಕಡಿಮೆ ಇರುವ ಆಹಾರ ಕೊಟ್ಟರು. ಹುಟ್ಟಿದ ಮರಿಗಳು ದೊಡ್ಡವಾದಾಗ ಬಿಪಿ ಹೆಚ್ಚಿತ್ತು. ಗರ್ಭದಲ್ಲಿ ಸೊರಗಿದ ಕೂಸಿಗೆ ಮುಂದೆ ಬಿಪಿ, ಶುಗರ್ ಎರಡೂ ಬರುತ್ತವೆ ಎಂಬ ಇಂಗ್ಲೆಂಡಿನ ವಾದಕ್ಕೆ ಇದು ಚೆನ್ನಾಗಿ ಹೊಂದಿತು. ಮೈಸೂರಿನ ಹೋಲ್ಡ್ಸ್‌ವರ್ತ್ ಆಸ್ಪತ್ರೆ, ಜನ ಮಿಷನ್ ಆಸ್ಪತ್ರೆ ಎಂದೇ ಕರೆಯುವ ಜಾಗ, 1934ರಿಂದ ಅಲ್ಲಿ ಹುಟ್ಟಿದ ಕೂಸುಗಳ ತೂಕ, ಉದ್ದ ಬರೆದಿಟ್ಟಿತ್ತು. ಆ ಹಳೆಯ ಕಡತಗಳನ್ನು ಹಿಡಿದು, ಆಗ ಹುಟ್ಟಿದವರನ್ನು ನಡುವಯಸ್ಸು ದಾಟಿದ ಮೇಲೆ ಹುಡುಕಿ ಪರೀಕ್ಷಿಸಿದರು. 1998ರಲ್ಲಿ ಬಂದ ಫಲಿತಾಂಶ ಇಂಗ್ಲೆಂಡಿನಂತಿರಲಿಲ್ಲ. ಹುಟ್ಟಿದಾಗ ಸಣಕಲಾಗಿದ್ದವರಿಗಿಂತ, ಉದ್ದ ಕಡಿಮೆಯಿದ್ದು ಮೈ ತುಂಬಿಕೊಂಡಿದ್ದವರಿಗೆ, ತಾಯಿಯ ತೂಕ ಹೆಚ್ಚಿದ್ದವರಿಗೆ ಮಧುಮೇಹ ಹೆಚ್ಚಿತ್ತು. 2000ರಲ್ಲಿ ಬಂದ ಇನ್ನೊಂದು ವರದಿ, ಮೈಸೂರಿನ ಈ ಜನರಲ್ಲಿ ಹುಟ್ಟುವಾಗಿನ ಸಣ್ಣ ಗಾತ್ರಕ್ಕೂ ದೊಡ್ಡವರಾದಾಗಿನ ಬಿಪಿಗೂ ನಂಟಿಲ್ಲ ಎಂದಿತು. ಸೌತಾಂಪ್ಟನ್ನಿನ ಇಲಿಯಲ್ಲಿ ಕಂಡದ್ದು ಮೈಸೂರಿನ ಮನುಷ್ಯರಲ್ಲಿ ಕಾಣಲಿಲ್ಲ. ಒಂದು ಆಸ್ಪತ್ರೆಯ ದಾದಿಯರು ಶ್ರದ್ಧೆಯಿಂದ ಬರೆದ ಹಳೆಯ ದಾಖಲೆ ಇಡೀ ಲೋಕದ ವಾದವನ್ನು ಮತ್ತೆ ಯೋಚಿಸುವಂತೆ ಮಾಡಿತು ಎಂಬುದು ನಮಗೆ ಹೆಮ್ಮೆಯ ಸಂಗತಿ.

ನಮ್ಮ ಫಾರ್ಮಸಿ, ವೈದ್ಯಕೀಯ ಕಾಲೇಜುಗಳ ಸ್ನಾತಕೋತ್ತರ ಪ್ರಬಂಧಗಳ ಬಗ್ಗೆ ಒಂದು ಮಾತು ಹೇಳಬೇಕು. ಅಲಾಕ್ಸಾನ್ ಅಥವಾ ಸ್ಟ್ರೆಪ್ಟೊಜೊಟೊಸಿನ್ ಚುಚ್ಚಿ ಇಲಿಗೆ ಮಧುಮೇಹ ಬರಿಸಿ, ಮೇಲೆ ಸೊಪ್ಪು, ಬೇರು, ಬೀಜದ ಸಾರ ಕುಡಿಸಿ ಸಕ್ಕರೆ ಇಳಿಯಿತೇ ಎಂದು ನೋಡುವುದು ಅಲ್ಲಿ ವಾಡಿಕೆಯ ವಿಷಯ. ಈ ವಿಷವಸ್ತುಗಳು ಬೀಟಾ ಕೋಶಗಳನ್ನು ನೇರವಾಗಿ ಕೊಲ್ಲುತ್ತವೆ. ಬೊಜ್ಜು, ಬಿಪಿ, ಇನ್ಸುಲಿನ್ ಪ್ರತಿರೋಧ ಕೂಡಿ ನಿಧಾನವಾಗಿ ಬರುವ ನಮ್ಮ ಊರಿನ ಮಧುಮೇಹಕ್ಕೂ ಅದಕ್ಕೂ ಬಹಳ ದೂರ. ಆ ಇಲಿಯಲ್ಲಿ ಗೆದ್ದ ಕಷಾಯ ಮನುಷ್ಯನಲ್ಲಿ ಗೆಲ್ಲುತ್ತದೆ ಎಂದು ಪುಡಿ ಪೊಟ್ಟಣದ ಮೇಲೆ ಬರೆಯುವುದು ತಪ್ಪು. 1960ರ ಪ್ರಾಣಿ ಹಿಂಸೆ ತಡೆ ಕಾಯ್ದೆಯಡಿ 1998ರಲ್ಲಿ ಬಂದ ನಿಯಮಗಳಂತೆ ಪ್ರತಿ ಪ್ರಯೋಗಕ್ಕೂ ಸಂಸ್ಥೆಯ ಪ್ರಾಣಿ ನೀತಿ ಸಮಿತಿಯ ಒಪ್ಪಿಗೆ ಬೇಕು. ಸಮಿತಿಗಳು ಒಪ್ಪಿಗೆ ಕೊಡುವ ಮುನ್ನ ಕೇಳಬೇಕಾದ ಪ್ರಶ್ನೆಗಳು ಬೇರೆ ಇವೆ: ಹೆಣ್ಣು ಇಲಿಗಳು ಎಲ್ಲಿ, ಸಕ್ಕರೆಯ ಜೊತೆ ಬಿಪಿಯನ್ನೂ ಅಳೆಯುತ್ತೀರಾ, ಅಳೆಯುವಾಗ ಇಲಿ ಹೆದರದಂತೆ ಏನು ಮಾಡಿದ್ದೀರಿ, ಈಗಾಗಲೇ ಗೊತ್ತಿರುವುದನ್ನೇ ಮತ್ತೆ ತೋರಿಸಲು ಈ ಜೀವಗಳು ಬೇಕೇ?

ಎಲ್ಲವನ್ನೂ ತೂಗಿ ನೋಡಿದರೆ, ಬಿಪಿ ಒಂದೇ ಮಧುಮೇಹವನ್ನು ಹುಟ್ಟಿಸುತ್ತದೆ ಎಂದು ಪ್ರಯೋಗಾಲಯದ ಪ್ರಾಣಿಗಳು ತೋರಿಸಿಲ್ಲ. ಅವೆರಡರ ಬೇರುಗಳು ಬೊಜ್ಜು, ಆಂಜಿಯೊಟೆನ್ಸಿನ್, ಜೀನು, ಸಣ್ಣ ರಕ್ತನಾಳಗಳ ಮಟ್ಟದಲ್ಲಿ ಹೆಣೆದುಕೊಂಡಿವೆ. ಬಿಪಿ ಹೆಚ್ಚಿರುವುದು ಆ ಹೆಣಿಗೆ ಒಳಗೆ ನಡೆದಿರಬಹುದೆಂಬ ಸೂಚನೆ. ಆದ್ದರಿಂದ ಬಿಪಿ ಇದೆ ಎಂದು ತಿಳಿದವರು ಅದೇ ವಾರ ಸಕ್ಕರೆಯನ್ನೂ ಪರೀಕ್ಷೆ ಮಾಡಿಸಿ. ಮೂವತ್ತು ದಾಟಿದವರಿಗೆ ಸರ್ಕಾರಿ ಆರೋಗ್ಯ ಕೇಂದ್ರಗಳಲ್ಲಿ ಎರಡನ್ನೂ ನೋಡುತ್ತಾರೆ, ದುಡ್ಡು ಕೊಡಬೇಕಾಗಿಲ್ಲ. ಮೊದಲ ಸಲ ಸಕ್ಕರೆ ಸರಿಯಿದ್ದರೂ ವರ್ಷಕ್ಕೊಮ್ಮೆ ಮತ್ತೆ ನೋಡಿಸಿ. ನಿಮ್ಮ ಬಿಪಿ ಗುಳಿಗೆ ಸಕ್ಕರೆ ಏರಿಸುವ ಜಾತಿಯದೇ ಎಂದು ವೈದ್ಯರನ್ನು ಕೇಳಿ. ಕೆಲವರಿಗೆ ಹೃದಯದ ತೊಂದರೆಯಿಂದಾಗಿ ಅದೇ ಗುಳಿಗೆ ಬೇಕಾಗಿರುತ್ತದೆ, ಹಾಗಾಗಿ ವೈದ್ಯರು ಹೇಳದೆ ಒಂದು ದಿನವೂ ನಿಲ್ಲಿಸಬೇಡಿ.